ಸಂಜೆ ಗಾಳಿಗೆ ಫೋರ್‌ಹ್ಯಾಂಡ್ ಹೊರಗೆ ಹೋಗುತ್ತಿದೆ, ಏನು ಮಾಡಲಿ?

ಕಾಳಿ_ದಂಡೆ
ಕಾರವಾರದಲ್ಲಿ ಸಿಮೆಂಟ್ ಕೋರ್ಟಿನಲ್ಲಿ ಟೆನಿಸ್ ಆಡುತ್ತೇನೆ, ವಯಸ್ಸು ನಲವತ್ತರ ಹತ್ತಿರ. ಬೆಳಿಗ್ಗೆ ಫೋರ್‌ಹ್ಯಾಂಡ್, ಅಂದರೆ ರಾಕೆಟ್ ಹಿಡಿದ ಕೈಯ ಬದಿಯಿಂದ ಹೊಡೆಯುವ ಹೊಡೆತ, ಚೆನ್ನಾಗಿ ಬರುತ್ತದೆ. ಸಂಜೆ ಕಡಲ ಗಾಳಿ ಎದ್ದರೆ ಅದೇ ಹೊಡೆತ ಎದುರಿನ ಬೇಸ್‌ಲೈನ್ (ಕೋರ್ಟಿನ ಕೊನೆಯ ಗೆರೆ) ದಾಟುತ್ತದೆ, ಹೆದರಿ ಮೆಲ್ಲಗೆ ಹೊಡೆದರೆ ನೆಟ್ಟಿಗೆ. ಬೇರೆ ರಾಕೆಟ್ ತಗೊಳ್ಳಬೇಕಾ?

ಕುಮಟಾ_ಟಾಪ್‌ಸ್ಪಿನ್
ರಾಕೆಟ್ಟಿಗೆ ದುಡ್ಡು ಹಾಕಬೇಡಿ ಮಾರಾಯ್ರೆ, ಕಾಲು ನೋಡಿಕೊಳ್ಳಿ. ಗಾಳಿಯಲ್ಲಿ ಚೆಂಡು ಕೊನೇ ಗಳಿಗೆಯಲ್ಲಿ ಜರುಗುತ್ತದೆ, ನಾವು ಮೊದಲೇ ಕಾಲೂರಿ ನಿಂತಿರುತ್ತೇವೆ, ಹಾಗಾಗಿ ಅದು ಮೈ ಪಕ್ಕಕ್ಕೆ ಬಂದ ಮೇಲೆ ತಾಗುತ್ತದೆ. ಅಷ್ಟು ತಡವಾದರೆ ರಾಕೆಟ್ಟಿನ ಮುಖ ಮೇಲಕ್ಕೆ ತಿರುಗಿರುತ್ತದೆ, ಚೆಂಡು ಹಾರಿಯೇ ಹಾರುತ್ತದೆ. ಎದುರಿನವರು ಹೊಡೆಯುವ ಹೊತ್ತಿಗೆ ಸಣ್ಣದೊಂದು ಸ್ಪ್ಲಿಟ್ ಸ್ಟೆಪ್ (ಎರಡೂ ಕಾಲು ಅಗಲಿಸಿ ಇಳಿಯುವ ಪುಟ್ಟ ಜಿಗಿತ) ಹಾಕಿ, ಚೆಂಡು ನೆಟ್ ದಾಟುವ ಮೊದಲೇ ಭುಜ ತಿರುಗಿಸಿ, ಹೊಡೆಯುವ ತನಕ ಚಿಕ್ಕ ಚಿಕ್ಕ ಹೆಜ್ಜೆ ನಿಲ್ಲಿಸಬೇಡಿ. ಚೆಂಡು ಸೊಂಟಕ್ಕಿಂತ ಮುಂದೆ ತಾಗಬೇಕು.

ಮೆಲ್ಲಗೆ ಹೊಡೆಯುವುದಂತೂ ಬೇಡವೇ ಬೇಡ. ಕೈ ನಿಧಾನವಾದರೆ ಸ್ಪಿನ್ ಹೋಯಿತು. ಕೆಳಗಿನಿಂದ ಮೇಲಕ್ಕೆ ಪೂರ್ತಿ ಬೀಸಿ, ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂಥ ತಿರುಗು) ಇದ್ದರೆ ಚೆಂಡು ತಾನೇ ಒಳಗೆ ಇಳಿಯುತ್ತದೆ.

ಗಾಳಿ ಇದ್ದಾಗ ಕ್ರಾಸ್‌ಕೋರ್ಟ್, ಅಂದರೆ ಓರೆಯಾಗಿ ಎದುರಿನ ಮೂಲೆಗೆ, ಜಾಸ್ತಿ ಆಡಿ. ಚೆಂಡು ನೆಟ್ಟಿನ ನಡುವಿನ ಮೇಲೆ ಹೋಗುತ್ತದೆ. ನೆಟ್ ಕಂಬದ ಹತ್ತಿರ 1.07 ಮೀಟರ್, ನಡುವೆ 91 ಸೆಂಟಿಮೀಟರ್ ಅಷ್ಟೇ. ಸಿಂಗಲ್ಸ್ ಕೋರ್ಟಿನ ಮೂಲೆಯಿಂದ ಮೂಲೆಗೆ ಅಳೆದರೆ ನೇರ ಉದ್ದಕ್ಕಿಂತ ಸುಮಾರು 1.4 ಮೀಟರ್ ಹೆಚ್ಚು ಜಾಗವೂ ಸಿಗುತ್ತದೆ. ನಿಮ್ಮ ಕೋರ್ಟ್ ಉತ್ತರ-ದಕ್ಷಿಣ ಇದ್ದರೆ ಕಡಲ ಗಾಳಿ ಅಡ್ಡ ಬೀಸುತ್ತದೆ, ಅಲ್ವಾ? ಹಾಗಿದ್ದರೆ ಗೆರೆಗೆ ಗುರಿ ಇಡಬೇಡಿ, ಪಡುವಣ ಬದಿಗೆ ಸ್ವಲ್ಪ ಸರಿಸಿಯೇ ಹೊಡೆಯಿರಿ.

ಶಿರಸಿ_ಗೋಡೆ
ಮೇಲಿನವರು ಹೇಳಿದ್ದು ಸರಿ, ಆದರೆ ಹಿಡಿಕೆ ಮರೆತರು. ಕರಾವಳಿಯ ಬೆವರಿಗೆ ಗ್ರಿಪ್ ಜಾರಿ ರಾಕೆಟ್ ಕೈಯಲ್ಲೇ ತಿರುಗುತ್ತದೆ. ಓವರ್‌ಗ್ರಿಪ್ (ಹಿಡಿಕೆಯ ಮೇಲೆ ಸುತ್ತುವ ತೆಳು ಪಟ್ಟಿ) ಬೇಗ ಬೇಗ ಬದಲಿಸಿ, ಅದೇನು ದೊಡ್ಡ ಖರ್ಚಲ್ಲ. ತಂತಿ ಬಿಗಿ ಮಾಡಿಸಿದರೆ ಚೆಂಡು ತುಸು ಕಮ್ಮಿ ದೂರ ಹೋಗುತ್ತದೆ, ನಿಜ, ಆದರೆ ಮೊಣಕೈಗೆ ಪೆಟ್ಟು. ನಮ್ಮಲ್ಲಿ ಮಳೆಗಾಲದಲ್ಲಿ ಕೋರ್ಟ್ ಸಿಗುವುದೇ ಕಷ್ಟ, ಅದಕ್ಕೆ ಸೂರಿನ ಕೆಳಗೆ ಗೋಡೆಗೆ ಹೊಡೆಯುತ್ತೇನೆ. ನೆಟ್ಟಿನ ಎತ್ತರಕ್ಕೆ ಸುಣ್ಣದ ಗೆರೆ ಎಳೆದು ಅದರ ಮೇಲೆ ಒಂದೆರಡು ಅಡಿಗೆ ಗುರಿ ಇಡುವುದು. ಗೋಡೆಯಿಂದ ಚೆಂಡು ಬೇಗ ವಾಪಸ್ ಬರುತ್ತದೆ, ತಯಾರಿ ತಡವಾದರೆ ಅಲ್ಲೇ ಗೊತ್ತಾಗುತ್ತದೆ.

ಕಾಳಿ_ದಂಡೆ
ಇಬ್ಬರಿಗೂ ಥ್ಯಾಂಕ್ಸ್. ಕಾಲು ನಿಲ್ಲುವುದು ನಿಜ, ಇವತ್ತು ಗಮನಿಸಿದೆ. ಸರ್ವ್‌ಗೆ ಏನು ಮಾಡಲಿ? ಟಾಸ್, ಅಂದರೆ ಹೊಡೆಯಲು ಮೇಲಕ್ಕೆ ಎಸೆದ ಚೆಂಡು, ಹಾರಿಯೇ ಹೋಗುತ್ತದೆ.

ಕುಮಟಾ_ಟಾಪ್‌ಸ್ಪಿನ್
ಟಾಸ್ ತಗ್ಗಿಸಿ, ಕೈ ಚಾಚಿದರೆ ರಾಕೆಟ್ ಮುಟ್ಟುವಷ್ಟಕ್ಕಿಂತ ತುಸು ಮೇಲೆ ಸಾಕು. ಕೆಟ್ಟ ಟಾಸಿಗೆ ಬೀಸಲೇಬೇಡಿ, ಹಿಡಿದು ಮತ್ತೆ ಹಾಕಿ. ಬೀಸದಿದ್ದರೆ ನಿಯಮದಲ್ಲಿ ಅದು ಫಾಲ್ಟ್ (ತಪ್ಪು ಸರ್ವ್) ಅಲ್ಲ.