ಟೊಯೋಟಾದ ‘ಶುಸಾ’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಮೊದಲನೇ ಕೊರೊಲಾ ಕಾರನ್ನು ರೂಪಿಸಿದ ತಾತ್ಸುವೊ ಹಸೆಗಾವಾ ಅವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸರಾಗವಾಗಿ ಸಾಗುತ್ತಿದ್ದ ಬರಹ ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದೆ. ಆ ಪದ ‘ಶುಸಾ’. ಟೊಯೋಟಾದಲ್ಲಿ ಒಂದು ಕಾರಿನ ಪೂರ್ತಿ ಹೊಣೆ ಹೊತ್ತವರನ್ನು ಹಾಗೆ ಕರೆಯುತ್ತಿದ್ದರು. ಹಿನ್ನೆಲೆ ಗೊತ್ತಿದ್ದರೆ ಪದ ಹುಡುಕಲು ಸುಲಭ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹಸೆಗಾವಾ ಓದಿದ್ದು ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ, ವಿಮಾನ ಎಂಜಿನಿಯರಿಂಗ್. 1939ರಲ್ಲಿ ಓದು ಮುಗಿಸಿ ತಾಚಿಕಾವಾ ವಿಮಾನ ಕಂಪನಿ ಸೇರಿದರು. ಯುದ್ಧದ ಕೊನೆಯ ವರ್ಷಗಳಲ್ಲಿ ಅವರ ಕೈಯಲ್ಲಿದ್ದದ್ದು ಕಿ-94 ಎಂಬ ಯುದ್ಧವಿಮಾನ. ಅಮೆರಿಕದ ಬಿ-29 ಬಾಂಬರುಗಳು ಬಹಳ ಎತ್ತರದಲ್ಲಿ ಬರುತ್ತಿದ್ದವು. ಅಷ್ಟು ಮೇಲೇರಿ ಅವನ್ನು ತಡೆಯಬೇಕಿತ್ತು. ಅಲ್ಲಿ ಗಾಳಿ ತೆಳು. ಹಾಗಾಗಿ ಪೈಲಟ್ ಕೂರುವ ಜಾಗದಲ್ಲಿ ಗಾಳಿಯ ಒತ್ತಡ ಇಳಿಯದಂತೆ ನೋಡಿಕೊಳ್ಳಬೇಕು. ಮುಂದೊಂದು, ಹಿಂದೊಂದು ಎಂಜಿನ್ ಇದ್ದ ಮೊದಲ ವಿನ್ಯಾಸವನ್ನು ಸೇನೆ ಒಪ್ಪಲಿಲ್ಲ. ಒಂದೇ ಎಂಜಿನ್ನಿನ ಎರಡನೆಯದು ಸಿದ್ಧವಾಗುವ ಹೊತ್ತಿಗೆ 1945ರ ಆಗಸ್ಟ್ ಬಂದಿತ್ತು. ಅದು ಒಮ್ಮೆಯೂ ಹಾರುವ ಮೊದಲೇ ಜಪಾನ್ ಶರಣಾಯಿತು. ವಿಮಾನ ತಯಾರಿಕೆಗೇ ನಿಷೇಧ ಬಿತ್ತು. 1946ರಲ್ಲಿ ಹಸೆಗಾವಾ ಟೊಯೋಟಾಕ್ಕೆ ಬಂದರು. ಹೀಗೆ ದಾರಿ ಬದಲಿಸಿದವರು ಇನ್ನೂ ಇದ್ದರು. ಸುಬಾರು 360 ಮಾಡಿದ ಶಿನ್ರೊಕು ಮೊಮೊಸೆ ಕೂಡ ನಾಕಾಜಿಮಾ ವಿಮಾನ ಕಂಪನಿಯವರೇ.

ಈಗ ಪದಕ್ಕೆ ಬರೋಣ. ವಿಮಾನ ಕಂಪನಿಗಳಲ್ಲಿ ಒಂದು ವಿಮಾನಕ್ಕೆ ಒಬ್ಬ ಮುಖ್ಯ ವಿನ್ಯಾಸಕಾರ ಇರುತ್ತಿದ್ದರು. ರೆಕ್ಕೆಯವರು ರೆಕ್ಕೆಯನ್ನಷ್ಟೇ, ಎಂಜಿನ್ನಿನವರು ಎಂಜಿನ್ ಅಷ್ಟೇ ನೋಡಿಕೊಂಡರೆ ತೂಕ ಏರುತ್ತಲೇ ಹೋಗುತ್ತದೆ, ವಿಮಾನ ಮೇಲೇಳುವುದಿಲ್ಲ. ಟೊಯೋಟಾದಲ್ಲಿ ಇಂಥದೇ ಪದ್ಧತಿ ಶುರುವಾದದ್ದು ಕ್ರೌನ್ ಕಾರಿನಿಂದ, 1953ರಲ್ಲಿ. ಮೊದಲ ಶುಸಾ ಕೆನ್ಯಾ ನಾಕಾಮುರಾ, ಅವರ ಜೊತೆಗಾರರಾಗಿ ಹಸೆಗಾವಾ. ಆಮೇಲೆ ಪಬ್ಲಿಕಾ, ಸ್ಪೋರ್ಟ್ಸ್ 800, ಕೊರೊಲಾ ಕಾರುಗಳಿಗೆ ಹಸೆಗಾವಾ ಅವರೇ ಶುಸಾ. ಸ್ಪೋರ್ಟ್ಸ್ 800 ನೋಡಿದರೆ ವಿಮಾನದವರ ಕೈ ಥಟ್ಟನೆ ತಿಳಿಯುತ್ತದೆ. 790 ಸಿಸಿ ಎಂಜಿನ್, ತೂಕ 580 ಕಿಲೊ ಅಷ್ಟೆ. 1962ರಲ್ಲಿ ಟೋಕಿಯೊ ಮೋಟಾರ್ ಶೋಗೆ ಇಟ್ಟ ಮಾದರಿಗೆ ಬಾಗಿಲೇ ಇರಲಿಲ್ಲ. ಯುದ್ಧವಿಮಾನದ್ದರಂತೆ ಮೇಲ್ಛಾವಣಿಯನ್ನೇ ಹಿಂದಕ್ಕೆ ಸರಿಸಿ ಒಳಗೆ ಇಳಿಯಬೇಕಿತ್ತು!

ತೊಡಕು ಇರುವುದು ಶುಸಾನ ಅಧಿಕಾರದಲ್ಲಿ. ಕಾರು ಹೇಗಿರಬೇಕು, ಯಾರಿಗೆ, ಎಷ್ಟು ಬೆಲೆಗೆ ಎನ್ನುವುದೆಲ್ಲ ಅವರ ತಲೆಯಿಂದಲೇ ಬರಬೇಕು. ಆದರೆ ಬಾಡಿ, ಎಂಜಿನ್, ಚಾಸಿ ವಿಭಾಗಗಳ ಎಂಜಿನಿಯರುಗಳು ಅವರ ಕೈಕೆಳಗಿನವರಲ್ಲ. ಅವರಿಗೆ ಅವರವರ ವಿಭಾಗದ ಮುಖ್ಯಸ್ಥರು ಬೇರೆ. ಶುಸಾಗೆ ಇರುವುದು ನಾಲ್ಕಾರು ಸಹಾಯಕರು. ಉಳಿದವರನ್ನು ಕೂತು ಮಾತಾಡಿ ಒಪ್ಪಿಸಬೇಕು. ಹೊಣೆ ಪೂರ್ತಿ, ಹುಕುಂ ಇಲ್ಲ. ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ?

ಪದಶಃ ಹೋದರೆ ‘ಶು’ ಅಂದರೆ ಮುಖ್ಯ, ‘ಸಾ’ ಅಂದರೆ ಪರಿಶೀಲನೆ. ಜಪಾನಿನಲ್ಲಿ ಪಿಎಚ್‌ಡಿ ಪ್ರಬಂಧದ ಮುಖ್ಯ ಪರೀಕ್ಷಕರಿಗೂ ಇದೇ ಪದ. ಇದನ್ನೇ ಹಿಡಿದು ‘ಮುಖ್ಯ ತನಿಖಾಧಿಕಾರಿ’ ಅಂದರೆ ಕಾರು ಕಳುವಾಗಿರಬೇಕು ಅಂದುಕೊಳ್ಳುತ್ತಾರೆ ಓದುಗರು.

ಟೊಯೋಟಾದವರೇ ಮುಂದೆ ಹೆಸರು ಬದಲಿಸಿ ‘ಚೀಫ್ ಎಂಜಿನಿಯರ್’ ಅಂದರು. ಆದರೆ ನಮ್ಮಲ್ಲಿ ಆ ಪದ ಕೇಳಿದ ಕೂಡಲೇ ಕಣ್ಣಿಗೆ ಬರುವುದು ಲೋಕೋಪಯೋಗಿ ಇಲಾಖೆ. ಇಇ, ಎಇಇ, ಜೆಇ ಎಲ್ಲರೂ ಸಾಲಾಗಿ ಕೆಳಗೆ ನಿಂತಿರುತ್ತಾರೆ. ಶುಸಾನ ಸ್ಥಿತಿ ಅದಕ್ಕೆ ಪೂರ್ತಿ ಉಲ್ಟಾ. ‘ಮೇಸ್ತ್ರಿ’ ನನಗೆ ತುಂಬಾ ಇಷ್ಟದ ಪದ, ಆದರೆ ಮೇಸ್ತ್ರಿಗೆ ಆಳುಗಳಿರುತ್ತಾರೆ. ‘ಪಾರುಪತ್ಯಗಾರ’ನಿಗೆ ಅಧಿಕಾರ ಜಾಸ್ತಿಯಾಯಿತು. ‘ಉಸ್ತುವಾರಿ’ ಅಂದರೆ ಬೇರೆಯವರು ಮಾಡುವ ಕೆಲಸವನ್ನು ಮೇಲಿನಿಂದ ನೋಡಿಕೊಳ್ಳುವುದು, ಜಿಲ್ಲಾ ಉಸ್ತುವಾರಿ ಸಚಿವರ ಹಾಗೆ. ಶುಸಾ ಸುಮ್ನೆ ಮೇಲೆ ನಿಂತು ನೋಡುವವರಲ್ಲ.

ನನ್ನ ಮನಸ್ಸು ವಾಲುತ್ತಿರುವುದು ಯಕ್ಷಗಾನದಲ್ಲಿ ಹಾಡುತ್ತಾ ಆಟ ನಡೆಸುವ ‘ಭಾಗವತ’ರ ಕಡೆ. ಮೇಳದ ಯಜಮಾನರು ಬೇರೆ, ಸಂಬಳ ಕೊಡುವವರು ಅವರು. ಆದರೆ ರಂಗಸ್ಥಳದಲ್ಲಿ ಪ್ರಸಂಗ ಎಲ್ಲಿ ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಅನ್ನುವುದು ಭಾಗವತರ ಕೈಯಲ್ಲಿ. ಅವರನ್ನು ‘ಮೊದಲನೇ ವೇಷ’ ಅನ್ನುವುದೂ ಅದಕ್ಕೇ ಅಲ್ವಾ? ಕರಾವಳಿ, ಮಲೆನಾಡಿನವರಿಗೆ ಇದು ಹತ್ತುತ್ತದೆ. ಉಳಿದವರು ಭಾಗವತ ಪುರಾಣ ಅಂದುಕೊಂಡಾರು ಅನ್ನುವ ಅಳುಕಿದೆ. ‘ಸೂತ್ರಧಾರ’ ಎಲ್ಲರಿಗೂ ಗೊತ್ತು, ಆದರೆ ಪತ್ರಿಕೆಗಳು ಅದನ್ನು ‘ದರೋಡೆಯ ಸೂತ್ರಧಾರ ಬಂಧನ’ ಅಂತ ಬರೆದು ಬರೆದು ಕೆಡಿಸಿವೆ.

ಇನ್ನೊಂದು ಚಿಕ್ಕ ಪ್ರಶ್ನೆ. 1966ರ ನವೆಂಬರಿನಲ್ಲಿ ಬಂದ ಕೊರೊಲಾಗೆ ಹಸೆಗಾವಾ ಇಟ್ಟುಕೊಂಡಿದ್ದ ಸೂತ್ರ ‘80 ಅಂಕ ಪ್ಲಸ್ ಆಲ್ಫಾ’. ಕಾರು ಯಾವ ವಿಷಯದಲ್ಲೂ 80ಕ್ಕಿಂತ ಕೆಳಗೆ ಬೀಳಬಾರದು. ಆದರೆ ಎಲ್ಲದರಲ್ಲೂ ಬರೀ 80 ಬಂದರೆ ಜನ ಮರುಳಾಗುವುದಿಲ್ಲ, ಕೆಲವದರಲ್ಲಿ 90 ದಾಟಬೇಕು. ಆಗ ಜಪಾನಿನಲ್ಲಿ ಸ್ಟೀರಿಂಗ್ ಪಕ್ಕದ ಮೂರು ಗೇರಿನ ಕಾರುಗಳೇ ರೂಢಿ. ಇವರು ಕೆಳಗಿನಿಂದ ಹಾಕುವ ನಾಲ್ಕು ಗೇರು ಕೊಟ್ಟರು. ಪೈಪೋಟಿಗಿದ್ದ ನಿಸ್ಸಾನಿನ ಸನ್ನಿ ಕಾರು 1000 ಸಿಸಿ ಅಂತ ಗೊತ್ತಾದಾಗ ಕೊರೊಲಾ ಎಂಜಿನ್ 1100ಕ್ಕೆ ಏರಿತು. ಈ ‘ಆಲ್ಫಾ’ಕ್ಕೆ ‘ಕೊಸರು’ ಅನ್ನಬಹುದೇ? ‘ಎಂಬತ್ತರ ಮೇಲೊಂದು ಕೊಸರು’ ಅಂದರೆ ಕಿವಿಗೆ ಚೆನ್ನಾಗಿದೆ. ಆದರೆ ಕೊಸರು ಗಿರಾಕಿ ಕೇಳಿ ಗಿಟ್ಟಿಸಿಕೊಳ್ಳುವುದು, ಇದು ಮಾರುವವನೇ ಲೆಕ್ಕ ಹಾಕಿ ಇಟ್ಟದ್ದು.

ಕರಡಿನಲ್ಲಿ ಸದ್ಯಕ್ಕೆ ‘ಶುಸಾ’ ಅಂತಲೇ ಬಿಟ್ಟಿದ್ದೇನೆ. ಕೊರೊಲಾ ನಮ್ಮ ಬಿಡದಿಯಲ್ಲೂ 2003ರಿಂದ ತಯಾರಾಗುತ್ತಿತ್ತು. ಅಲ್ಲಿ ಕೆಲಸ ಮಾಡಿದವರು ಬಳಗದಲ್ಲಿ ಯಾರಾದರೂ ಇದ್ದರೆ, ಇಂಥ ಹುದ್ದೆಯವರ ಬಗ್ಗೆ ಕನ್ನಡದಲ್ಲಿ ಮಾತಾಡುವಾಗ ಬಾಯಿಗೆ ಯಾವ ಪದ ಬರುತ್ತಿತ್ತು ಅಂತ ದಯವಿಟ್ಟು ತಿಳಿಸಿ.