ಮನೆಯ ಸಿಮ್ಯುಲೇಟರ್, ಮೋಡದೊಳಗಿನ ಹಾರಾಟ: ಕ್ಯಾಪ್ಟನ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಕ್ಯಾಪ್ಟನ್ ಮೇಡಂ ನಮ್ಮ ಜೊತೆ ಇದ್ದಾರೆ. ಇನ್‌ಸ್ಟ್ರುಮೆಂಟ್ ಹಾರಾಟ, ಅಂದರೆ ಹೊರಗೆ ಏನೂ ಕಾಣದಿದ್ದಾಗ ಬರೀ ಮೀಟರುಗಳನ್ನು ನೋಡಿ ಹಾರಿಸುವುದನ್ನು ಕಲಿಸುತ್ತಾರೆ. ಮನೆಯ ಸಿಮ್ಯುಲೇಟರ್‌ನಲ್ಲಿ ಅದನ್ನು ಎಷ್ಟು ಕಲಿಯಬಹುದು, ಕೇಳಿ.

ಮೈಸೂರು: ಮೇಡಂ, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ 150 ಗಂಟೆ ಹಾರಿಸಿದ್ದೇನೆ. ಲಾಗ್‌ಬುಕ್‌ನಲ್ಲಿ ಬರೆಯಬಹುದಾ?

ಮೇಡಂ: ಇಲ್ಲ. ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ, ಅಂದರೆ ಮೀಟರು ನೋಡಿ ಹಾರಿಸುವ ಅನುಮತಿಗೆ, 40 ಗಂಟೆ ಬೇಕು. ಅದರಲ್ಲಿ ಹೆಚ್ಚೆಂದರೆ 20 ಗಂಟೆ ಸಿಮ್ಯುಲೇಟರ್‌ನದು ಆಗಬಹುದು. ಅದೂ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದ ಯಂತ್ರದಲ್ಲಿ ಮಾತ್ರ.

ಹುಬ್ಬಳ್ಳಿ: ಹಂಗಾದ್ರೆ ಮನೆಯಲ್ಲಿ ಮಾಡಿದ್ದೆಲ್ಲ ದಂಡ ಅಂತೀರಾ?

ಮೇಡಂ: ಖಂಡಿತ ಅಲ್ಲ. ವಿಓಆರ್ ರೇಡಿಯಲ್ (ನೆಲದ ರೇಡಿಯೋ ಕೇಂದ್ರದಿಂದ ಹೊರಡುವ ದಿಕ್ಕಿನ ಗೆರೆ) ಹಿಡಿದು ಹೋಗುವುದು, ಹೋಲ್ಡಿಂಗ್‌ಗೆ (ಆಕಾಶದಲ್ಲಿ ಕಾಯುತ್ತ ಹೊಡೆಯುವ ಸುತ್ತು) ಯಾವ ಕಡೆಯಿಂದ ಸೇರಬೇಕು ಅನ್ನುವುದು, ಮೀಟರಿಂದ ಮೀಟರಿಗೆ ಕಣ್ಣು ಓಡಿಸುವ ಅಭ್ಯಾಸ, ಇವೆಲ್ಲ ಮನೆಯಲ್ಲೇ ಗಟ್ಟಿಯಾಗಬೇಕು. ಐಎಲ್ಎಸ್‌ನ (ರನ್‌ವೇವರೆಗೆ ದಾರಿ ತೋರುವ ರೇಡಿಯೋ ವ್ಯವಸ್ಥೆ) 3 ಡಿಗ್ರಿ ಇಳಿಜಾರಿನಲ್ಲಿ 90 ನಾಟ್ ವೇಗವಿದ್ದರೆ ಐದರಿಂದ ಗುಣಿಸಿ, ನಿಮಿಷಕ್ಕೆ 450 ಅಡಿ ಇಳಿಯಬೇಕು. ಇಂಥ ಲೆಕ್ಕ ಕಲಿಯಲು ವಿಮಾನದ ಬಾಡಿಗೆ ಸುರಿಯಬೇಡಿ. ಆದರೆ ಆಟೋಪೈಲಟ್ ಬೇಡ, ನಡುವೆ ನಿಲ್ಲಿಸಲು ಪಾಜ್ ಒತ್ತುವುದೂ ಬೇಡ. ಮೋಡವನ್ನು 300 ಅಡಿಗೆ ಇಳಿಸಿ. ಆಗಾಗ ಸಿಮ್ಯುಲೇಟರ್‌ನಲ್ಲಿ ವ್ಯಾಕ್ಯೂಮ್ ಪಂಪ್ (ಕೆಲವು ಮೀಟರುಗಳನ್ನು ನಡೆಸುವುದು) ಕೆಡಿಸಿ ಹಾರಿಸಿ. ಇನ್ನೂ ಸೋಲೋ ಆಗದವರು, ಅಂದರೆ ಒಬ್ಬರೇ ವಿಮಾನ ಹಾರಿಸದವರು, ಮಾತ್ರ ಇದಕ್ಕೆ ಕೈ ಹಾಕಬೇಡಿ. ಆಮೇಲೆ ವಿಮಾನದಲ್ಲಿ ಹೊರಗೆ ನೋಡುವುದನ್ನೇ ಮರೆಯುತ್ತೀರಿ.

ಕಲಬುರಗಿ: ಮೇಡಂ ನನಗೆ 34 ವರ್ಷ, ಕನ್ನಡಕ ಇದೆ. ಪೈಲಟ್ ಆಗಬಹುದಾ?

ತುಮಕೂರು: ಮೈಕ್ರೋಸಾಫ್ಟ್ ಬಿಡಿ ಗುರು, ಎಕ್ಸ್-ಪ್ಲೇನ್ ಹಾಕಿ. ಅದರಲ್ಲಿ ವಿಮಾನ ನಿಜವಾಗಿ ಹಾರಿದ ಹಾಗಿರುತ್ತದೆ.

ಮೈಸೂರು: ನಮ್ಮ ಊರಿನ ಕೆರೆ ಕೂಡ ಕಾಣುತ್ತದೆ ಮೈಕ್ರೋಸಾಫ್ಟ್‌ನಲ್ಲಿ. ಎಕ್ಸ್-ಪ್ಲೇನ್‌ನಲ್ಲಿ ಕಾಣುತ್ತದಾ?

ಮೇಡಂ: ಮೋಡದೊಳಗೆ ಕೆರೆ ಕಾಣುವುದಿಲ್ಲ. ಎರಡರಲ್ಲಿ ಯಾವುದಾದರೂ ಸಾಕು.

ಸಿಪಿಎಲ್ ವಿದ್ಯಾರ್ಥಿ: ಮೇಡಂ, ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಕಲಿಯುತ್ತಿದ್ದೇನೆ. ಮನೆಯಲ್ಲಿ ನನ್ನ ಐಎಲ್ಎಸ್ ಸೂಜಿ ಅಲ್ಲಾಡುವುದಿಲ್ಲ. ವಿಮಾನದಲ್ಲಿ ಹುಡ್ (ಹೊರಗೆ ಕಾಣದಂತೆ ತಲೆಗೆ ಹಾಕುವ ಮರೆ) ಹಾಕಿಕೊಂಡರೆ ಬೇರೆಯದೇ ಕಥೆ. ಬಲಕ್ಕೆ ತಿರುಗಿ ನೇರ ಮಾಡಿದ ಮೇಲೂ ಎಡಕ್ಕೆ ವಾಲಿದ್ದೇನೆ ಅನಿಸುತ್ತದೆ. ಕೆಳಗೆ ಬಿದ್ದ ಚಾರ್ಟ್ ಎತ್ತಿಕೊಳ್ಳಲು ಬಗ್ಗಿದಾಗ ವಿಮಾನವೇ ಮಗುಚಿದ ಹಾಗಾಯಿತು. ಸರ್ ಕಂಟ್ರೋಲ್ ತೆಗೆದುಕೊಂಡರು. ಅಂದಹಾಗೆ ಹೋದ ವಾರ ಸೋಲೋದಲ್ಲಿ ಸಣ್ಣ ಮೋಡದೊಳಗೆ ಹೊಕ್ಕು ಬಂದೆ. ಅಲ್ಲಿ ಏನೂ ಆಗಲಿಲ್ಲ. ಹುಡ್‌ನಲ್ಲಿ ಮಾತ್ರ ಯಾಕೆ ಹೀಗೆ?

ಮೇಡಂ: ನಿಮ್ಮ ಕೊನೆಯ ಮಾತು ಓದಿ ನನಗೆ ಭಯವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮಗೆ ಆಗುತ್ತಿರುವುದು ಕಾಯಿಲೆ ಅಲ್ಲ, ಎಲ್ಲರಿಗೂ ಆಗುತ್ತದೆ. ಚಿಕ್ಕವರಿದ್ದಾಗ ಗಿರಗಿರ ತಿರುಗಿ ನಿಂತರೆ ನೆಲವೇ ತಿರುಗಿದ ಹಾಗೆ ಆಗುತ್ತಿತ್ತಲ್ಲ, ಅದೇ ಇದು. ಒಳಕಿವಿಯಲ್ಲಿ ಮೂರು ಕೊಳವೆಗಳಿವೆ, ಒಳಗೆ ದ್ರವ ಇದೆ. ತಿರುವು ಶುರುವಾದಾಗ ದ್ರವ ಹಿಂದೆ ಉಳಿಯುತ್ತದೆ, ತಿರುಗಿದ್ದು ಗೊತ್ತಾಗುತ್ತದೆ. ಒಂದೇ ಸಮನೆ ತಿರುಗುತ್ತಿದ್ದರೆ 10-20 ಸೆಕೆಂಡಿನಲ್ಲಿ ದ್ರವವೂ ಜೊತೆಗೆ ಓಡುತ್ತದೆ. ಆಗ ನೇರವಾಗಿದ್ದೇನೆ ಅನಿಸುತ್ತದೆ. ನಿಜವಾಗಿ ನೇರ ಮಾಡಿದರೆ ಎದುರು ಕಡೆಗೆ ವಾಲಿದಂತೆ ಅನಿಸುತ್ತದೆ. ತಿರುವಿನ ನಡುವೆ ತಲೆ ಬಗ್ಗಿಸಿದರೆ ಬೇರೆ ಕೊಳವೆಯೂ ಕಲಕುತ್ತದೆ. ನೀವು ಮಗುಚಿದ ಹಾಗೆ ಅಂದಿದ್ದು ಅದನ್ನೇ.

ಮನೆಯ ಕುರ್ಚಿ ತಿರುಗುವುದಿಲ್ಲ. ಹಾಗಾಗಿ ಕಿವಿ ಸುಳ್ಳು ಹೇಳುವುದೂ ಇಲ್ಲ. ಸಿಮ್ಯುಲೇಟರ್ ನಿಮಗೆ ಮೀಟರ್ ಓದಲು ಕಲಿಸಿದೆ. ಮೈಯೆಲ್ಲ ಬೇಡ ಬೇಡ ಅನ್ನುತ್ತಿರುವಾಗ ಮೀಟರನ್ನೇ ನಂಬುವುದನ್ನು ಕಲಿಸಿಲ್ಲ. ಅದನ್ನು ಪಕ್ಕದಲ್ಲಿ ತರಬೇತುದಾರರಿದ್ದಾಗ ವಿಮಾನದಲ್ಲೇ ಕಲಿಯಬೇಕು.

ಈಗ ಮೋಡ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇನ್‌ಸ್ಟ್ರುಮೆಂಟ್ ಅಭ್ಯಾಸವಿಲ್ಲದ 20 ಜನರಿಗೆ ಹೊರಗೆ ಕಾಣದ ಹಾಗೆ ಮಾಡಿ ವಿಮಾನ ಕೊಟ್ಟರು. ಇಪ್ಪತ್ತೂ ಜನರ ಕೈತಪ್ಪಿತು. ಸರಾಸರಿ 178 ಸೆಕೆಂಡು, ಮೂರು ನಿಮಿಷವೂ ಇಲ್ಲ. ಅವರಿಗೇ ನಿಧಾನವಾಗಿ ಹಿಂದಕ್ಕೆ ತಿರುಗಿ ಹೊರಬರುವ ಕ್ರಮ ಕಲಿಸಿದ ಮೇಲೆ ಹೆಚ್ಚುಕಡಿಮೆ ಪ್ರತಿ ಸಲವೂ ಹೊರಬಂದರು. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಒಂದು ನಿಮಿಷಕ್ಕೆ ಪೂರ್ತಿ ಹಿಂದೆ ಮುಖ ಮಾಡುತ್ತೀರಿ. ನಿಮ್ಮ ಮೋಡ ಸಣ್ಣದಿತ್ತು, ಅಷ್ಟೇ. ನಿಮ್ಮ ತರಬೇತುದಾರರಿಗೆ ಹೇಳಿದ್ದೀರಾ?

ಶಿವಮೊಗ್ಗ: ಫಾರ್ವರ್ಡ್ ಬಂದಿದೆ, ನೋಡಿ: "ಹಾರುವ ಮುಂಚೆ ಶುಂಠಿ ರಸ ಕುಡಿದು, ಒಂದು ವಾಂತಿ ಮಾತ್ರೆ ನುಂಗಿ. ಮೋಡದಲ್ಲಿ ಕಣ್ಣು ಮುಚ್ಚಿ ಮೈ ಎತ್ತ ವಾಲುತ್ತದೆ ಗಮನಿಸಿ. ಎಲ್ಲರಿಗೂ ತಲುಪಿಸಿ."

ಮೇಡಂ: ದಯವಿಟ್ಟು ಯಾರಿಗೂ ತಲುಪಿಸಬೇಡಿ. ಆ ಮಾತ್ರೆಗಳಲ್ಲಿ ಹಲವು ನಿದ್ದೆ ಬರಿಸುತ್ತವೆ. ವಿಮಾನ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನುಂಗಿ ಹಾರಿಸಬೇಡಿ. ಕಣ್ಣು ಮುಚ್ಚಿ ಮೈಯನ್ನು ನಂಬಿ ಅನ್ನುವುದಂತೂ ಸಾಯುವ ದಾರಿ.

ನಿವೃತ್ತ ವಾಯುಪಡೆ: ಇದೆಲ್ಲ ಈಗಿನ ಹುಡುಗರ ಗೋಳು. ಹಳೆಯ ಪೈಲಟ್‌ಗಳು ಸಿಮ್ಯುಲೇಟರ್ ಮುಟ್ಟದೆಯೇ ಕಲಿತರು.

ಧಾರವಾಡ: ಸರ್, ತಪ್ಪು. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲೇ ಟ್ರೇನರ್, ಅಂದರೆ ಸಿಮ್ಯುಲೇಟರ್ ಯಂತ್ರ, ಕಟ್ಟಿದ್ದ. ಅಪ್ಪನ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿಗಳಿಂದಲೇ ಅದನ್ನು ಅಲ್ಲಾಡಿಸುತ್ತಿದ್ದ. 1934ರಲ್ಲಿ ಅಮೆರಿಕದ ಸೇನೆ ವಿಮಾನದಲ್ಲಿ ಅಂಚೆ ಸಾಗಿಸಲು ಹೋಗಿ, ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನು ಕಳೆದುಕೊಂಡಿತು. ಆಮೇಲೆಯೇ ಲಿಂಕ್‌ನ ಆರು ಯಂತ್ರ ಕೊಂಡಿದ್ದು.

ನಿವೃತ್ತ ವಾಯುಪಡೆ: ಓದಿದ್ದು ಬೇರೆ, ಹಾರಿದ್ದು ಬೇರೆ. ನೀವು ಎಷ್ಟು ಗಂಟೆ ಹಾರಿಸಿದ್ದೀರಿ?

ಧಾರವಾಡ: ಇತಿಹಾಸ ಹೇಳಲು ಲೈಸೆನ್ಸ್ ಬೇಕಾ ಸರ್?

ತುಮಕೂರು: ಹಿರಿಯರ ಹತ್ತಿರ ಹೀಗಾ ಮಾತಾಡೋದು?

ಹುಬ್ಬಳ್ಳಿ: ಹಿರಿಯರಾದ್ರೂ ತಪ್ಪು ತಪ್ಪೇ ಅಲ್ವಾ?

ಅಡ್ಮಿನ್: ಈ ಜಗಳ ಇಲ್ಲಿಗೆ ಸಾಕು.

ಶಿವಮೊಗ್ಗ: ಮೇಡಂ, ಇನ್ನೊಂದು ಬಂತು. ಅರ್ಧ ನೀರಿರುವ ಬಾಟಲಿ ಎದುರಿಗಿಟ್ಟರೆ ವಿಮಾನ ವಾಲಿದ್ದು ಕಾಣುತ್ತದಂತೆ.

ಮೇಡಂ: ಕಾಣುವುದಿಲ್ಲ. ಸರಿಯಾಗಿ ತಿರುಗುತ್ತಿರುವ ವಿಮಾನ 30 ಡಿಗ್ರಿ ವಾಲಿದ್ದರೂ ನೀರು ಕ್ಯಾಬಿನ್ ನೆಲಕ್ಕೆ ಸಮವಾಗಿಯೇ ನಿಲ್ಲುತ್ತದೆ. ನಿಮ್ಮ ಮೈಗೆ ಗೊತ್ತಾಗದಿರುವುದೂ ಇದೇ ಕಾರಣಕ್ಕೆ. ಇನ್ನು ಫಾರ್ವರ್ಡ್ ಹಾಕಿದರೆ ನಾನು ಉತ್ತರಿಸುವುದಿಲ್ಲ.

ಹಾಸನ: ಯಾವ ಜಾಯ್‌ಸ್ಟಿಕ್ ತಗೊಳ್ಳಲಿ?

ಮೇಡಂ: ಕೈಗೆಟುಕುವುದು. ಯಾವುದರಲ್ಲೂ ಟ್ರಿಮ್‌ನ (ಕೋಲಿನ ಮೇಲಿನ ಒತ್ತಡ ಇಳಿಸುವ ವ್ಯವಸ್ಥೆ) ನಿಜವಾದ ಹಿಡಿತ ಸಿಗುವುದಿಲ್ಲ, ಅದನ್ನು ವಿಮಾನದಲ್ಲಿ ಕಲಿಯಿರಿ.

ಉಡುಪಿ: ಮೇಡಂ, ಮನೆಯ ಸಿಮ್ಯುಲೇಟರ್ ಗಂಟೆ ಲಾಗ್‌ಬುಕ್‌ಗೆ ಸೇರುತ್ತದಾ?

ಮೇಡಂ: ಮೊದಲನೇ ಪ್ರಶ್ನೆ ಓದಿ.

ಕಲಬುರಗಿ: ಮೇಡಂ, 34 ವರ್ಷ, ಕನ್ನಡಕ. ಯಾರೂ ಹೇಳಲಿಲ್ಲ.

ಮೇಡಂ: ಸಿಪಿಎಲ್ ವಿದ್ಯಾರ್ಥಿ, ನೀವು ಓದಿದ್ದು ಕಾಣುತ್ತಿದೆ. ಉತ್ತರ ಕೊಡಿ. ಮೋಡದ ವಿಷಯ ತರಬೇತುದಾರರಿಗೆ ಹೇಳಿದ್ದೀರಾ, ಇಲ್ಲವಾ?

ಸಿಪಿಎಲ್ ವಿದ್ಯಾರ್ಥಿ: ಇಲ್ಲ ಮೇಡಂ. ಸೋಲೋ ನಿಲ್ಲಿಸುತ್ತಾರೆ ಅಂತ ಭಯ.

ಮೇಡಂ: ನಿಲ್ಲಿಸಲಿ. ನಾನಾಗಿದ್ದರೂ ನಿಲ್ಲಿಸುತ್ತಿದ್ದೆ. ನಾಲ್ಕು ಸಲ ಹುಡ್‌ನಲ್ಲಿ ಜೊತೆಗೆ ಕೂತು ಕಲಿಸಿ, ಮತ್ತೆ ಬಿಡುತ್ತಿದ್ದೆ. ಈಗಲೇ ಫೋನ್ ಮಾಡಿ.

ಸಿಪಿಎಲ್ ವಿದ್ಯಾರ್ಥಿ: ಮಾಡಿದೆ ಮೇಡಂ. ಬೈದರು. ನಾಳೆ ಬೆಳಿಗ್ಗೆ ಆರಕ್ಕೆ ಬಾ, ಜೊತೆಗೆ ಹಾರೋಣ ಅಂದರು.

ಮೇಡಂ: ಒಳ್ಳೆಯದು. ಚಾರ್ಟನ್ನು ತೊಡೆಗೆ ಕಟ್ಟಿಕೊಂಡು ಹೋಗಿ, ಬಗ್ಗುವುದು ಬೇಡ.