ಸಹಾಯ ಬೇಕು: ಲಿಗೋರಿಯವರ 'ಥಿಯೋಲಾಜಿಯಾ ಮೊರಾಲಿಸ್' ಓದಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಸಂತ ಅಲ್ಫೋನ್ಸ್ ಲಿಗೋರಿಯವರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ನೇಪಲ್ಸ್‌ನಲ್ಲಿ ವಕೀಲರಾಗಿದ್ದು ಆಮೇಲೆ ಕಥೋಲಿಕ ಪಾದ್ರಿಯಾದವರು. ಅದಕ್ಕೇ ಇರಬೇಕು, ನೈತಿಕ ದೇವಶಾಸ್ತ್ರದ ಈ ಲ್ಯಾಟಿನ್ ಪುಸ್ತಕದಲ್ಲಿ ಪ್ರತಿ ಪ್ರಶ್ನೆಗೂ ಎರಡೂ ಕಡೆಯ ವಾದ ಇಟ್ಟು ಆಮೇಲೆ ತೀರ್ಪು ಹೇಳುತ್ತಾರೆ!

1748ರ ಮೊದಲ ಮುದ್ರಣ ಜೆಸ್ವಿಟ್ ಪಾದ್ರಿ ಬೂಸೆನ್‌ಬಾಮ್ ಅವರ ಅದೇ ವಿಷಯದ ಕೈಪಿಡಿಗೆ ಬರೆದ ಟಿಪ್ಪಣಿ ಅಷ್ಟೇ. ಲಿಗೋರಿಯವರು ಬದುಕಿದ್ದಾಗಲೇ ಒಂಬತ್ತು ಮುದ್ರಣ ಆಯಿತು, ಪ್ರತಿ ಸಲವೂ ತಿದ್ದುತ್ತಾ ಹೋದರು. ನನ್ನ ಹತ್ತಿರ ಇರುವುದು ಗೋದೆ (Gaudé) ಎಂಬವರು ಸಂಪಾದಿಸಿದ, 1905ರಿಂದ 1912ರವರೆಗೆ ರೋಮ್‌ನಲ್ಲಿ ಬಂದ ನಾಲ್ಕು ಸಂಪುಟಗಳ ಸ್ಕ್ಯಾನ್. ಚರ್ಚಿನ ಸಂಸ್ಕಾರಗಳ ಬಗೆಗಿನ ಆರನೇ ಭಾಗದಲ್ಲಿ, ಅದರಲ್ಲೂ ಪಾಪನಿವೇದನೆ ಬರುವ ಕಡೆಯೇ, ಪುಟಗಳು ಮಸುಕಾಗಿವೆ. ನನ್ನ ಅದೃಷ್ಟ ನೋಡಿ.

ಸ್ಪಷ್ಟವಾದ ಪ್ರತಿ ಯಾರ ಹತ್ತಿರವಾದರೂ ಇದೆಯಾ? ಯಾವುದಾದರೂ ಸೆಮಿನರಿ (ಪಾದ್ರಿಗಳ ತರಬೇತಿ ಶಾಲೆ) ಲೈಬ್ರರಿಯಲ್ಲಿ ನೋಡಿದ್ದರೂ ಹೇಳಿ, ನಾನೇ ಹೋಗಿ ಓದುತ್ತೇನೆ.

ಇನ್ನೊಂದು ತಲೆನೋವು: ಲಿಗೋರಿಯವರ 'ಈಕ್ವಿಪ್ರಾಬಬಿಲಿಸಂ' ಅನ್ನುವುದಕ್ಕೆ ಕನ್ನಡ ಪದ. ಒಂದು ಕೆಲಸಕ್ಕೆ ನಿಯಮ ಅಡ್ಡಿ ಇದೆ, ಇಲ್ಲ ಎಂಬ ಎರಡೂ ಅಭಿಪ್ರಾಯ ಹೆಚ್ಚುಕಡಿಮೆ ಸಮಬಲವಾಗಿದ್ದು, ಆ ನಿಯಮ ಇದೆಯೋ ಇಲ್ಲವೋ ಎಂಬುದೇ ಅನುಮಾನವಾದರೆ ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ ಅನ್ನುವ ವಾದ. 'ಸಮಸಂಭವವಾದ' ಅಂದರೆ ಗಣಿತದ ಪಾಠದ ಹಾಗೆ ಕೇಳಿಸುತ್ತದೆ, ಅಲ್ವಾ? ಸರಳವಾದ ಪದ ಹೊಳೆದರೆ ದಯವಿಟ್ಟು ತಿಳಿಸಿ.